ಹೊರೆ ಹೊತ್ತ ಸೈಕಲ್ ಹೊರಡುವ ಮುನ್ನ

ನಿಮ್ಮ ಬೀದಿಗೆ ಇನ್ನೂ ಸೈಕಲ್ಲಿನಲ್ಲಿ ಹಾಲು ತರುವವರಿದ್ದರೆ, ಒಂದು ದಿನ ಅವರ ಸೈಕಲ್ಲನ್ನು ನಿಂತು ನೋಡಿ. ಕ್ಯಾನುಗಳು ಕ್ಯಾರಿಯರ್ ಮೇಲೆ ಎತ್ತರಕ್ಕೆ ಕೂತಿರುವುದಿಲ್ಲ. ಹಿಂದಿನ ಚಕ್ರದ ಎರಡೂ ಪಕ್ಕ ಕೆಳಗೆ ತೂಗುತ್ತಿರುತ್ತವೆ. ಸ್ಟ್ಯಾಂಡು ಅಗಲ, ಕ್ಯಾರಿಯರ್ ದಪ್ಪ, ಟೈರಿನಲ್ಲಿ ಗಾಳಿ ಗಟ್ಟಿ. ಆತ ಏರು ಬಂದರೆ ಇಳಿದು ತಳ್ಳುತ್ತಾರೆ, ಇಳಿಜಾರು ಬಂದರೆ ಮೊದಲೇ ಬ್ರೇಕ್ ಹಿಡಿಯುತ್ತಾರೆ. ಹೊರೆ ಹೇರಿದ ಸೈಕಲ್ಲನ್ನು ನಡೆಸುವ ವಿದ್ಯೆಯೆಲ್ಲ ಅವರ ಹತ್ತಿರ ಇದೆ.

ಈ ವಿದ್ಯೆ ನಮಗೂ ಬೇಕು. ಏಕೆಂದರೆ ಬಟ್ಟೆಬರೆ ಕಟ್ಟಿಕೊಂಡು ನಾಲ್ಕೈದು ದಿನ ಸೈಕಲ್ಲಿನಲ್ಲೇ ಊರೂರು ಸುತ್ತುವಷ್ಟು ಬಿಡುವು ಮನೆಯಲ್ಲಿ ಇಬ್ಬರಿಗೇ ಇರುವುದು: ಶಾಲೆಗೆ ರಜೆ ಬಂದ ಮೊಮ್ಮಕ್ಕಳಿಗೆ, ಕೆಲಸದಿಂದ ನಿವೃತ್ತರಾದ ತಾತ-ಅಜ್ಜಿಯರಿಗೆ. ಒಬ್ಬರ ಮೂಳೆ ಇನ್ನೂ ಬೆಳೆಯುತ್ತಿರುತ್ತದೆ, ಇನ್ನೊಬ್ಬರದು ಸವೆಯುತ್ತಿರುತ್ತದೆ. ಹಾಗಾಗಿ ಇಬ್ಬರಿಗೂ ತಯಾರಿ ಹೆಚ್ಚೇ ಬೇಕು.

ಹೋದವರು ಹೇಗೆ ಹೋದರು?

ಸೈಕಲ್ಲಿನಲ್ಲಿ ಭೂಮಿ ಸುತ್ತಿದ ಮೊದಲಿಗರು ಥಾಮಸ್ ಸ್ಟೀವನ್ಸ್. 1884ರಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಿಂದ ಹೊರಟು 1886ರಲ್ಲಿ ಜಪಾನಿನ ಯೊಕೊಹಾಮಾ ತಲುಪಿದರು. ಅವರದು ಮುಂದಿನ ಚಕ್ರ ಬಹಳ ದೊಡ್ಡದು, ಹಿಂದಿನದು ಪುಟ್ಟದು ಇರುವ ಹಳೆಯ ಕಾಲದ ಸೈಕಲ್. ಹೊರಡುವಾಗ ಅವರು ಕಟ್ಟಿಕೊಂಡ ಗಂಟಿನಲ್ಲಿ ಕಾಲುಚೀಲ, ಇನ್ನೊಂದು ಅಂಗಿ, ಒಂದು ರಿವಾಲ್ವರ್, ಮಳೆ ಕೋಟು ಇದ್ದವು. ಆ ಕೋಟೇ ರಾತ್ರಿ ಹಾಸಿಗೆ, ಬೇಕಾದರೆ ಗುಡಾರ!

ನಮ್ಮ ದೇಶದವರೇನು ಕಡಿಮೆಯಿಲ್ಲ. 1923ರ ಅಕ್ಟೋಬರ್ 15ರಂದು ಮುಂಬೈನಿಂದ ಆರು ಮಂದಿ ಪಾರ್ಸಿ ತರುಣರು ಸೈಕಲ್ ಏರಿ ಜಗತ್ತು ಸುತ್ತಲು ಹೊರಟರು. ಆದಿ ಹಕೀಮ್, ಜಾಲ್ ಬಾಪಾಸೋಲಾ, ರುಸ್ತುಂ ಭೂಮ್‌ಗರಾ ಎಂಬ ಮೂವರು ಸುಮಾರು 71,000 ಕಿಲೋಮೀಟರ್ ತುಳಿದು 1928ರಲ್ಲಿ ಊರಿಗೆ ಮರಳಿದರು. ಮರುಭೂಮಿ, ಹಿಮ, ಕಾಡು ಎಲ್ಲವನ್ನೂ ದಾಟಿದರು. ನಮಗೆ ಅಷ್ಟು ದೂರದ ಆಸೆ ಬೇಡ. ಆದರೆ ಇದ್ದ ಸೈಕಲ್ಲನ್ನೇ ನೆಚ್ಚಿ, ಬೇಕಾದಷ್ಟನ್ನೇ ಹೊತ್ತು ಹೋದ ಅವರ ಕ್ರಮ ನಮಗೂ ಆಗಬಹುದು.

ಜೀವವಿಲ್ಲದ ಸವಾರ

ಹತ್ತು ಕಿಲೋ ಗಂಟು ಎಂದರೆ ಏನು ಮಹಾ, ಡಬಲ್ ರೈಡ್‌ನಲ್ಲಿ ತಮ್ಮನನ್ನೇ ಕೂರಿಸಿಕೊಂಡು ಹೋಗುತ್ತೇವೆ ಎನ್ನಬೇಡಿ. ರಸ್ತೆಯಲ್ಲಿ ಗುಂಡಿ ಬಂದಾಗ ನೀವೇನು ಮಾಡುತ್ತೀರಿ? ಗೊತ್ತಿಲ್ಲದೆಯೇ ಸೀಟಿನಿಂದ ಸ್ವಲ್ಪ ಮೇಲೆದ್ದು ಮಂಡಿ ಮಡಿಸುತ್ತೀರಿ. ಹಿಂದೆ ಕೂತ ತಮ್ಮನೂ ಹಾಗೇ ಮಾಡುತ್ತಾನೆ. ಗಂಟು ಮಾತ್ರ ಏಳುವುದಿಲ್ಲ. ಗುಂಡಿಯ ಪೆಟ್ಟೆಲ್ಲ ನೇರವಾಗಿ ಹಿಂದಿನ ಚಕ್ರದ ಕಡ್ಡಿಗಳಿಗೆ ಬೀಳುತ್ತದೆ. ತಿರುವಿನಲ್ಲಿ ನೀವು ಮೈ ವಾಲಿಸಿದರೂ ಸಡಿಲವಾಗಿ ಕಟ್ಟಿದ ಗಂಟು ತನಗಿಷ್ಟ ಬಂದ ಕಡೆ ವಾಲುತ್ತದೆ. ಬ್ರೇಕ್ ಹಿಡಿದರೆ ಅದು ಮುಂದಕ್ಕೆ ತಳ್ಳುತ್ತದೆ.

ಅಂದರೆ ಹೊರೆ ಹೇರಿದ ಕೂಡಲೇ ನಿಮ್ಮ ಹಳೆಯ ಸೈಕಲ್ ಹೊಸ ಸೈಕಲ್ ಆಗಿಬಿಡುತ್ತದೆ. ಅದನ್ನು ಮತ್ತೆ ಕಲಿಯಬೇಕು. ಈ ಲೇಖನದ ಸಾರವೂ ಇಷ್ಟೇ: ಹೊರಡುವ ದಿನ ಯಾವುದೂ ಹೊಸದಾಗಿರಬಾರದು. ಬೂಟು ಹೊಸದಲ್ಲ, ಸೀಟು ಹೊಸದಲ್ಲ, ಹೊರೆಯಂತೂ ಖಂಡಿತ ಹೊಸದಲ್ಲ. ಯುದ್ಧಕಾಲದಲ್ಲಿ ಶಸ್ತ್ರಾಭ್ಯಾಸ ಆಗದು.

ಸೈಕಲ್ಲಿನ ತಪಾಸಣೆ

ಚಕ್ರ: ನಮ್ಮ ಹಳೆಯ ಕರಿಯ ಸೈಕಲ್ಲುಗಳಲ್ಲಿ ಮುಂದಿನ ಚಕ್ರಕ್ಕೆ 32 ಕಡ್ಡಿ, ಹಿಂದಿನದಕ್ಕೆ 40. ಎಂಟು ಹೆಚ್ಚೇಕೆ? ಭಾರದ ಹೆಚ್ಚು ಪಾಲು ಹಿಂದಿನ ಚಕ್ರದ ಮೇಲೆ ಬೀಳುವುದರಿಂದ. ಮಕ್ಕಳು ಒಂದು ಚಮಚ ತೆಗೆದುಕೊಂಡು ಕಡ್ಡಿಗಳನ್ನು ಒಂದೊಂದಾಗಿ ಮೀಟಲಿ. ಒಂದೇ ಪಕ್ಕದ ಕಡ್ಡಿಗಳು ಹೆಚ್ಚುಕಡಿಮೆ ಒಂದೇ ಸ್ವರ ಹೊರಡಿಸಬೇಕು. ಯಾವುದಾದರೂ ಡಬ್ ಎಂದರೆ ಅದು ಸಡಿಲ. ಚಕ್ರ ಎತ್ತಿ ತಿರುಗಿಸಿದಾಗ ರಿಮ್ ಅತ್ತಿತ್ತ ಓಲಾಡಿದರೆ ಸೈಕಲ್ ಶಾಪಿನಲ್ಲಿ ಬೆಂಡ್ ತೆಗೆಸಿ.

ಟೈರು: ಐರ್ಲೆಂಡಿನ ಬೆಲ್‌ಫಾಸ್ಟ್‌ನಲ್ಲಿದ್ದ ಜಾನ್ ಬಾಯ್ಡ್ ಡನ್‌ಲಪ್ ಎಂಬ ಪಶುವೈದ್ಯರು ತಮ್ಮ ಪುಟ್ಟ ಮಗನ ಮೂರು ಚಕ್ರದ ಸೈಕಲ್ಲಿಗಾಗಿ ಗಾಳಿ ತುಂಬಿದ ಟೈರು ಮಾಡಿದರು, 1888ರಲ್ಲಿ ಅದಕ್ಕೆ ಪೇಟೆಂಟ್ ಪಡೆದರು. ಆ ಗಾಳಿಯೇ ನಮ್ಮ ಹೊರೆಯನ್ನೂ ಹೊರುವುದು. ಎಷ್ಟು ಗಾಳಿ ಬೇಕೆಂದು ಟೈರಿನ ಪಕ್ಕದಲ್ಲೇ ಅಚ್ಚು ಹಾಕಿರುತ್ತಾರೆ. ಹೊರೆಯಿದ್ದಾಗ ಗಾಳಿ ಕಡಿಮೆಯಾದರೆ ಟ್ಯೂಬು ರಿಮ್ಮಿಗೂ ಕಲ್ಲಿಗೂ ನಡುವೆ ಸಿಕ್ಕಿ ತೂತಾಗುತ್ತದೆ. ಸವೆದ ಟೈರನ್ನು ಮುಲಾಜಿಲ್ಲದೆ ಬದಲಿಸಿ.

ಚೈನು: ಇದಕ್ಕೆ ಶಾಲೆಯ ಸ್ಕೇಲು ಸಾಕು. ಸೈಕಲ್ ಚೈನಿನ ಒಂದು ಪಿನ್ನಿನಿಂದ ಮುಂದಿನ ಪಿನ್ನಿಗೆ ಅರ್ಧ ಇಂಚು. ಅಂದರೆ 24 ಕೊಂಡಿಗೆ ಸರಿಯಾಗಿ 12 ಇಂಚು. ಚೈನನ್ನು ಬಿಗಿಯಾಗಿ ಹಿಡಿದು, ಸ್ಕೇಲಿನ ಸೊನ್ನೆಯನ್ನು ಒಂದು ಪಿನ್ನಿನ ಮಧ್ಯಕ್ಕೆ ಇಟ್ಟು 12ರ ಗೆರೆ ನೋಡಿ. ಅಲ್ಲಿ ಬರಬೇಕಾದ ಪಿನ್ನು ಇಂಚಿನ 16ನೇ ಒಂದು ಭಾಗ ಮುಂದೆ ಸರಿದಿದ್ದರೆ ಚೈನು ಬದಲಿಸುವ ಕಾಲ ಬಂದಿದೆ. 8ನೇ ಒಂದು ಭಾಗ ಸರಿದಿದ್ದರೆ ಚೈನಿನ ಜೊತೆ ಫ್ರೀವೀಲಿನ ಹಲ್ಲುಗಳೂ ಸವೆದಿರುತ್ತವೆ.

ಹಲ್ಲುಗಳ ಲೆಕ್ಕ: ಗೇರಿಲ್ಲದ ಸೈಕಲ್ಲಿನಲ್ಲಿ ಪೆಡಲ್ ಪಕ್ಕದ ದೊಡ್ಡ ಚಕ್ರಕ್ಕೆ 44 ಹಲ್ಲು, ಹಿಂದಿನ ಫ್ರೀವೀಲಿಗೆ 18 ಇದೆ ಎನ್ನಿ. 44ನ್ನು 18ರಿಂದ ಭಾಗಿಸಿ: ಪೆಡಲ್ ಒಂದು ಸುತ್ತು ಬಂದರೆ ಹಿಂದಿನ ಚಕ್ರ 2.44 ಸುತ್ತು ತಿರುಗುತ್ತದೆ. ದೊಡ್ಡ ಸೈಕಲ್ಲಿನ ಚಕ್ರದ ಸುತ್ತಳತೆ ಸುಮಾರು 2.2 ಮೀಟರ್. ಹಾಗಾದರೆ ಒಂದು ತುಳಿತಕ್ಕೆ ಸುಮಾರು 5.4 ಮೀಟರ್ ದೂರ. ಫ್ರೀವೀಲನ್ನು 22 ಹಲ್ಲಿನದಕ್ಕೆ ಬದಲಿಸಿದರೆ ದೂರ 4.4 ಮೀಟರಿಗೆ ಇಳಿಯುತ್ತದೆ, ತುಳಿತವೂ ಅಷ್ಟೇ ಹಗುರವಾಗುತ್ತದೆ. ಏರಿನಲ್ಲಿ ಮಂಡಿ ಉಳಿಸುವುದು ಈ ಲೆಕ್ಕವೇ. ಗೇರ್ ಸೈಕಲ್ ಇದ್ದವರು ಏರು ಶುರುವಾಗುವ ಮೊದಲೇ ಹಗುರ ಗೇರಿಗೆ ಬರಬೇಕು.

ಬ್ರೇಕು: ಎಲ್ಲಕ್ಕಿಂತ ಮುಖ್ಯ. ಸವೆದ ಬ್ರೇಕ್ ರಬ್ಬರು, ಎಳೆ ಬಿಚ್ಚಿಕೊಂಡ ಕೇಬಲ್ಲು ಇದ್ದರೆ ಬದಲಿಸಿ. ಉದ್ದ ಇಳಿಜಾರಿನಲ್ಲಿ ಒಂದೇ ಸಮನೆ ಬ್ರೇಕ್ ಹಿಡಿದರೆ ರಿಮ್ ಕಾಯುತ್ತದೆ. ವಿಪರೀತ ಕಾದರೆ ಟ್ಯೂಬು ಸಿಡಿಯಬಹುದು. ಸ್ವಲ್ಪ ಹಿಡಿದು ಸ್ವಲ್ಪ ಬಿಡುತ್ತಾ, ಮುಂದಿನದು ಹಿಂದಿನದು ಎರಡನ್ನೂ ಬಳಸುತ್ತಾ ಇಳಿಯಿರಿ. ಅರ್ಧ ದಾರಿಯಲ್ಲಿ ನಿಂತು ರಿಮ್ ತಣಿಯಲು ಬಿಡಿ, ಬಿಸಿಯಿರುವಾಗ ಮುಟ್ಟಬೇಡಿ. ಮಳೆಯಲ್ಲಿ ರಿಮ್ ನೆನೆದರೆ ಬ್ರೇಕ್ ತಡವಾಗಿ ಹಿಡಿಯುತ್ತದೆ ಎಂಬುದೂ ನೆನಪಿರಲಿ.

ಹೊರೆ ಕಟ್ಟುವುದು: ಹಿಂದೆ ಸಂತೆಗೆ ಹೋಗುವವರು ಹಸಿಬೆ ಚೀಲ ಹೆಗಲಿಗೆ ಹಾಕಿಕೊಳ್ಳುತ್ತಿದ್ದರು. ಎದೆಯ ಕಡೆ ಒಂದು ಬಾಯಿ, ಬೆನ್ನ ಕಡೆ ಒಂದು. ಸೈಕಲ್ಲಿಗೂ ಅಂಥದೇ ಜೋಡಿ ಚೀಲ ಬೇಕು. ಕ್ಯಾರಿಯರಿನ ಎರಡೂ ಪಕ್ಕ ಇಳಿಬೀಳುವಂಥದು. ಎರಡೂ ಕಡೆ ತೂಕ ಸಮ, ಭಾರದ ಸಾಮಾನು ತಳದಲ್ಲಿ. ತುಳಿಯುವಾಗ ಹಿಮ್ಮಡಿ ಚೀಲಕ್ಕೆ ತಾಗಬಾರದು. ಪಟ್ಟಿಯ ತುದಿಗಳು ಕಡ್ಡಿಗಳ ಹತ್ತಿರ ನೇತಾಡಬಾರದು. ಬೆನ್ನಿಗೆ ಮಾತ್ರ ಚೀಲ ಹಾಕಬೇಡಿ. ಮಕ್ಕಳಿಗೆ ಶಾಲೆಯ ಬ್ಯಾಗಿನ ಕಷ್ಟ ಹೇಗೂ ಗೊತ್ತು.

ಮೈಯ ತಯಾರಿ

ಮೊದಲು ಸೀಟಿನ ಎತ್ತರ. ಸೀಟಿನ ಮೇಲೆ ಕೂತು, ಪೆಡಲ್ ಕೆಳಗಿದ್ದಾಗ ಅದರ ಮೇಲೆ ಹಿಮ್ಮಡಿ ಇಡಿ. ಕಾಲು ನೆಟ್ಟಗಾಗಬೇಕು. ಆಮೇಲೆ ಪಾದದ ಮುಂಭಾಗದಿಂದ ತುಳಿದರೆ ಮಂಡಿ ಸ್ವಲ್ಪವೇ ಬಾಗಿರುತ್ತದೆ. ಸೀಟು ತಗ್ಗಿದ್ದರೆ ತಾತಂದಿರ ಮಂಡಿ ಎರಡೇ ದಿನದಲ್ಲಿ ದೂರು ಕೊಡುತ್ತದೆ.

ಅರವತ್ತು ದಾಟಿದವರು ಅಭ್ಯಾಸ ಶುರು ಮಾಡುವ ಮೊದಲೇ ಡಾಕ್ಟರನ್ನು ಕಾಣಬೇಕು. ರಕ್ತದೊತ್ತಡ, ಸಕ್ಕರೆ, ಹೃದಯದ ಪರೀಕ್ಷೆ ಆಗಲಿ. ಸಕ್ಕರೆ ಕಾಯಿಲೆಗೆ ಔಷಧ ತೆಗೆದುಕೊಳ್ಳುವವರು ಊಟ, ಮಾತ್ರೆಯ ವೇಳೆ ಕೇಳಿಕೊಂಡು, ಜೇಬಿನಲ್ಲಿ ಸದಾ ಸಿಹಿ ಏನಾದರೂ ಇಟ್ಟುಕೊಳ್ಳಬೇಕು.

ನಾವು ಎಂಟು ವಾರ ಅಭ್ಯಾಸ ಮಾಡಿದ ಕ್ರಮ ಹೀಗಿತ್ತು. ನಾವು ಎಂದರೆ ನಾನು, ನನ್ನ ಮಗ, ಎಂಟನೇ ತರಗತಿಯ ನನ್ನ ಮೊಮ್ಮಗಳು, ನನ್ನ ವಯಸ್ಸಿನ ಗೆಳೆಯರೊಬ್ಬರು.

1–2ನೇ ವಾರ: ಖಾಲಿ ಸೈಕಲ್. ವಾರಕ್ಕೆ ನಾಲ್ಕು ದಿನ, ದಿನಕ್ಕೆ 8ರಿಂದ 10 ಕಿ.ಮೀ.
3–4ನೇ ವಾರ: ಖಾಲಿ ಸೈಕಲ್ಲಿನಲ್ಲೇ 15ರಿಂದ 20 ಕಿ.ಮೀ.
5ನೇ ವಾರ: ಅಷ್ಟೇ ದೂರ, ಮೂರು ಕಿಲೋ ಹೊರೆ.
6ನೇ ವಾರ: ಅರ್ಧ ಹೊರೆ. ಶನಿವಾರ, ಭಾನುವಾರ ಬೆನ್ನುಬೆನ್ನಿಗೆ 25 ಕಿ.ಮೀ.
7ನೇ ವಾರ: ಪೂರ್ತಿ ಹೊರೆಯೊಂದಿಗೆ ಪರೀಕ್ಷೆಯ ಪ್ರಯಾಣ.
8ನೇ ವಾರ: ಹಗುರ ಸವಾರಿ, ವಿಶ್ರಾಂತಿ, ರಿಪೇರಿ.

ಬೆನ್ನುಬೆನ್ನಿಗೆ ಎರಡು ದಿನ ಎಂಬುದನ್ನು ಗಮನಿಸಿ. ಒಂದು ದಿನ ಯಾರು ಬೇಕಾದರೂ ಹುರುಪಿನಲ್ಲಿ ತುಳಿದುಬಿಡುತ್ತಾರೆ. ಮರುದಿನ ಬೆಳಗ್ಗೆ ನೋಯುವ ಮೈಯನ್ನು ಮತ್ತೆ ಸೀಟಿನ ಮೇಲೆ ಕೂರಿಸುವುದೇ ನಿಜವಾದ ಪ್ರವಾಸ.

ವೇಗ ಸರಿಯಿದೆಯೇ ಎಂದು ತಿಳಿಯಲು ಯಂತ್ರ ಬೇಡ. ತುಳಿಯುತ್ತಲೇ ಒಂದು ಪೂರ್ತಿ ವಾಕ್ಯ ಮಾತಾಡಲು ಆಗಬೇಕು. ನನ್ನ ಮೊಮ್ಮಗಳು ಪಕ್ಕದಲ್ಲಿ ಬಂದು, “ತಾತ, ಹದಿನೇಳರ ಮಗ್ಗಿ ಹೇಳು” ಎನ್ನುತ್ತಿದ್ದಳು. ಮಧ್ಯದಲ್ಲಿ ಉಸಿರು ಕಟ್ಟಿದರೆ ನಿಧಾನ ಮಾಡಬೇಕು ಎಂಬುದು ಕರಾರು. ಎದೆ ಬಿಗಿತ, ತಲೆಸುತ್ತು, ವಿಪರೀತ ಏದುಸಿರು ಕಂಡರೆ ನಿಧಾನವೂ ಬೇಡ. ಅಲ್ಲೇ ಇಳಿದು ಕೂತು ಸಹಾಯ ಕರೆಯಬೇಕು.

ನೀರನ್ನು ಬಾಯಾರಿಕೆಗೆ ಕಾಯದೆ ಗುಟುಕು ಗುಟುಕಾಗಿ ಕುಡಿಯಿರಿ. ಗಂಟೆಗೆ ಅರ್ಧ ಲೀಟರ್ ಆದರೂ ಬೇಕು. ಬೇಧಿಯಾದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಸಮ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಬೆರೆಸಿ ಕೊಡಬೇಕು. ಚಮಚ ಎಂದರೆ ಟೀ ಚಮಚ. ದಾರಿ ತಿಂಡಿಗೆ ಬಾಳೆಹಣ್ಣು, ಕಡಲೆಬೀಜದ ಚಿಕ್ಕಿ, ಬೆಲ್ಲ ಬೆರೆಸಿದ ಅವಲಕ್ಕಿಗಿಂತ ಒಳ್ಳೆಯದು ನನಗೆ ತಿಳಿದಿಲ್ಲ.

ತೂಕದ ಖಾತೆ

ಬ್ಯಾಂಕಿನ ಲೆಡ್ಜರಿನಲ್ಲಿ ಬದುಕು ಕಳೆದವನು ನಾನು. ಅಂದಾಜು ಎಂಬ ಮಾತು ನನಗೆ ಒಗ್ಗುವುದಿಲ್ಲ. ಅಡುಗೆಮನೆಯ ತಕ್ಕಡಿಯ ಮೇಲೆ ಪ್ರತಿಯೊಂದನ್ನೂ ಇಟ್ಟು ತೂಗಿದೆವು, ಮೊಮ್ಮಗಳು ಬರೆದುಕೊಂಡಳು. ಒಬ್ಬ ದೊಡ್ಡವರ ಖಾತೆ ಹೀಗಿತ್ತು:

ಬಟ್ಟೆ (ಎರಡು ಜೊತೆ, ಟವೆಲ್ಲು): 1,800 ಗ್ರಾಂ
ಹೊದಿಕೆ, ತೆಳು ಶಾಲು: 900
ಮಳೆ ಕೋಟು, ಪ್ಲಾಸ್ಟಿಕ್ ಹಾಳೆ: 500
ಸ್ಪ್ಯಾನರ್, ಟ್ಯೂಬು, ಪಂಚರ್ ಸಾಮಾನು, ಪಂಪು: 1,400
ಔಷಧ: 300
ತಿಂಡಿ: 1,200
ನೀರು, ಎರಡು ಲೀಟರ್: 2,000
ಟಾರ್ಚು, ಚಾರ್ಜರ್, ಸೋಪು, ಬ್ರಷ್ಷು: 900
ಬೀಗ, ಸರಪಳಿ: 600
ನೋಟ್‌ಬುಕ್ಕು, ಕಾಗದಪತ್ರ: 350
ಒಟ್ಟು: 9 ಕಿಲೋ 950 ಗ್ರಾಂ

ಮೊದಲ ಸಲ ತೂಗಿದಾಗ ಇದು ಹದಿನಾಲ್ಕು ಕಿಲೋ ದಾಟಿತ್ತು. ಹನಿಗೂಡಿದರೆ ಹಳ್ಳ, ತೆನೆಗೂಡಿದರೆ ಬಳ್ಳ ಎಂಬುದು ಉಳಿತಾಯಕ್ಕೆ ಮಾತ್ರವಲ್ಲ, ಹೊರೆಗೂ ಸಲ್ಲುವ ಮಾತು. ಪ್ರತಿ ಸಾಮಾನಿಗೂ ಒಂದೇ ಪ್ರಶ್ನೆ ಕೇಳಿದೆವು: “ಇದು ದಾರಿಯ ಅಂಗಡಿಯಲ್ಲಿ ಸಿಗುತ್ತದೆಯೇ?” ಸಿಗುವುದಾದರೆ ಮನೆಯಲ್ಲೇ ಇರಲಿ. ಔಷಧಕ್ಕೆ, ಟ್ಯೂಬಿಗೆ ಮಾತ್ರ ಈ ಪ್ರಶ್ನೆ ಇಲ್ಲ. ಅವು ಬಂದೇ ಬರಬೇಕು. ಮೊಮ್ಮಗಳ ಹೊರೆಗೆ ಮೂರು ಕಿಲೋ ಮಿತಿ ಹಾಕಿದೆ. ಅವಳು ಎರಡು ಕಥೆಪುಸ್ತಕಗಳಲ್ಲಿ ಯಾವುದನ್ನು ಬಿಡುವುದೆಂದು ಎರಡು ದಿನ ಯೋಚಿಸಿದಳು.

ಪರೀಕ್ಷೆಯ ಪ್ರಯಾಣ

ಏಳನೇ ವಾರದ ಶನಿವಾರ ಪೂರ್ತಿ ಹೊರೆ ಕಟ್ಟಿಕೊಂಡು ಮೈಸೂರಿನಿಂದ ಸುಮಾರು 30 ಕಿ.ಮೀ. ದೂರದ ಟಿ. ನರಸೀಪುರದ ನೆಂಟರ ಮನೆಗೆ ಹೋದೆವು. ರಾತ್ರಿ ಉಳಿದು ಭಾನುವಾರ ಮರಳುವುದು ಏರ್ಪಾಡು.

ಶನಿವಾರದ ಕೊನೆಯ ಏಳೆಂಟು ಕಿಲೋಮೀಟರ್ ನನ್ನ ಗೆಳೆಯರು ಮಾತು ನಿಲ್ಲಿಸಿದ್ದರು. ಸಮತಟ್ಟು ರಸ್ತೆಯಲ್ಲೂ ಏದುಸಿರು. ಕೇಳಿದರೆ “ಏನಿಲ್ಲ ಮಾರಾಯ” ಎಂದರು. ಮೊಮ್ಮಗಳು ಬಿಡಲಿಲ್ಲ. “ತಾತ, ಮಗ್ಗಿ ಹೇಳಿ” ಎಂದಳು. ಅವರಿಗೆ ಆಗಲಿಲ್ಲ. ನೆರಳಲ್ಲಿ ಕೂರಿಸಿ, ಸುಧಾರಿಸಿಕೊಂಡ ಮೇಲೆ ಬಸ್ಸಿನಲ್ಲಿ ವಾಪಸ್ಸು ಕರೆತಂದು, ಅಂದೇ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ಖಾಲಿ ಸೈಕಲ್ಲಿನಲ್ಲಿ ಕಾಣದೇ ಇದ್ದ ತೊಂದರೆ ಹೊರೆಯಲ್ಲಿ ಕಂಡಿತ್ತು. ಪರೀಕ್ಷೆಗಳಾದ ಮೇಲೆ ಡಾಕ್ಟರು, ಔಷಧ ನಡೆಯಲಿ, ನಡಿಗೆಯೂ ನಡೆಯಲಿ, ಹೊರೆಯ ಸೈಕಲ್ ಮಾತ್ರ ಬೇಡ ಎಂದರು.

ಎರಡು ದಿನ ಅವರು ಯಾರ ಜೊತೆಯೂ ಮಾತಾಡಲಿಲ್ಲ. ಮೂರನೇ ದಿನ ಅವರೇ ಬಂದು, “ನಾನು ಬಸ್ಸಿನಲ್ಲಿ ಮುಂದೆ ಹೋಗಿ ಊಟ, ವಸತಿ ನೋಡುತ್ತೇನೆ” ಎಂದರು. ಡಾಕ್ಟರನ್ನು ಕೇಳಿದೆವು. ಬಸ್ಸಿಗೆ ಅವರ ಅಡ್ಡಿಯಿರಲಿಲ್ಲ. ನಮ್ಮ ಪ್ರವಾಸಕ್ಕೆ ಮುಂಗಡ ವ್ಯವಸ್ಥಾಪಕರು ಸಿಕ್ಕಿದ್ದು ಹೀಗೆ.

ಪರೀಕ್ಷೆಯ ಪ್ರಯಾಣದ ಬೆಲೆ ಇದೇ. “ಬೇಡ” ಎಂಬ ಉತ್ತರ ಮನೆಯ ಹತ್ತಿರ, ನೆಂಟರ ಊರಿನಲ್ಲಿ, ಬಸ್ಸು ಆಸ್ಪತ್ರೆ ಇರುವ ಕಡೆ ಬರಬೇಕು. ನಿರ್ಜನವಾದ ಏರಿನಲ್ಲಿ ಬರಬಾರದು. ಮಕ್ಕಳೇ, ಮನೆಯ ಹಿರಿಯರು “ಏನಿಲ್ಲ” ಎಂದರೆ ನಂಬಬೇಡಿ, ಮಗ್ಗಿ ಕೇಳಿ. ಹಿರಿಯರೇ, ಮಕ್ಕಳು “ನಂಗೇನೂ ಸುಸ್ತಿಲ್ಲ” ಎಂದರೆ ನೀವೂ ಹಾಗೆಯೇ ಕೇಳಿ.

ನಮ್ಮ ದಾರಿ

ಡಿಸೆಂಬರ್ ಕೊನೆಯ ವಾರ, ಬಿಸಿಲು ಮೃದುವಾಗಿರುವ ಕಾಲ, ಹೊರಟೆವು. ಹೊರೆಯೊಂದಿಗೆ ಗಂಟೆಗೆ 12 ಕಿ.ಮೀ. ಎಂದು ಲೆಕ್ಕ ಹಾಕಿದ್ದೆವು.

ಮೊದಲ ದಿನ ಮೈಸೂರಿನಿಂದ ಶ್ರೀರಂಗಪಟ್ಟಣ, ಪಾಂಡವಪುರದ ಮೇಲೆ ಮೇಲುಕೋಟೆ, ಸುಮಾರು 50 ಕಿ.ಮೀ. ಜಕ್ಕನಹಳ್ಳಿ ದಾಟಿದ ಮೇಲಿನ ಬೆಟ್ಟದೇರನ್ನು ನಾನು ಪೂರ್ತಿ ತಳ್ಳಿಕೊಂಡೇ ಹತ್ತಿದೆ. ಮೊಮ್ಮಗಳು ಅರ್ಧ ತುಳಿದಳು. ಮೇಲೆ ಗೆಳೆಯರು ಪುಳಿಯೋಗರೆ ಹಿಡಿದು ಕಾದಿದ್ದರು.

ಎರಡನೇ ದಿನ ಶ್ರವಣಬೆಳಗೊಳ, ಸುಮಾರು 35 ಕಿ.ಮೀ. ಅಲ್ಲಿ ವಿಂಧ್ಯಗಿರಿಗೆ 600ಕ್ಕೂ ಹೆಚ್ಚು ಮೆಟ್ಟಿಲು. ತುಳಿದು ಬಂದ ಕಾಲಿನಲ್ಲಿ ಅದೇ ದಿನ ಹತ್ತಬಾರದೆಂದು ಮೊದಲೇ ತೀರ್ಮಾನಿಸಿ ಒಂದು ದಿನ ಹೆಚ್ಚು ಇಟ್ಟುಕೊಂಡಿದ್ದೆವು. ಮರುದಿನ ಬೆಳಗ್ಗೆ ಹತ್ತಿ 57 ಅಡಿಯ ಗೊಮ್ಮಟನನ್ನು ಕಣ್ತುಂಬ ನೋಡಿದೆವು.

ನಾಲ್ಕನೇ ದಿನ ಚನ್ನರಾಯಪಟ್ಟಣದವರೆಗೆ 12 ಕಿ.ಮೀ. ತುಳಿದೆವು. ಅಲ್ಲಿಂದ ಹಾಸನಕ್ಕೆ ಲಾರಿಗಳು ಭರ್ರೆಂದು ಹೋಗುವ ಹೆದ್ದಾರಿ. ಸೈಕಲ್ಲುಗಳನ್ನು ಗೂಡ್ಸ್ ಆಟೋಗೆ ಹಾಕಿ ನಾವು ಬಸ್ಸು ಹತ್ತಿದೆವು. ಮಗುವನ್ನು ಕರೆದುಕೊಂಡು ಹೋಗುವಾಗ ಹಟಕ್ಕಿಂತ ಬಸ್ಸು ಮೇಲು. ಐದನೇ ದಿನ ಹಳೇಬೀಡು, ಸುಮಾರು 30 ಕಿ.ಮೀ.; ಆರನೇ ದಿನ ಬೇಲೂರು, 16 ಕಿ.ಮೀ. ಒಟ್ಟು ತುಳಿದದ್ದು 140 ಕಿಲೋಮೀಟರಿನ ಆಸುಪಾಸು.

ದಾರಿಯಲ್ಲಿ ಪಾಲಿಸಿದ ನಿಯಮಗಳು ನಾಲ್ಕೇ. ತಲೆಗೆ ಹೆಲ್ಮೆಟ್ಟು, ಹಿಂದೆ ಕೆಂಪು ರಿಫ್ಲೆಕ್ಟರ್. ಸಾಲಾಗಿ ಎಡ ಅಂಚಿನಲ್ಲಿ, ಮುಂದೊಬ್ಬರು ದೊಡ್ಡವರು, ಹಿಂದೊಬ್ಬರು, ನಡುವೆ ಮಗು. ಬೆಳಕು ಹರಿದ ಮೇಲೆ ಹೊರಟು ಮಧ್ಯಾಹ್ನದೊಳಗೆ ಊರು ಸೇರುವುದು. ಕತ್ತಲಲ್ಲಿ ಸವಾರಿ ಇಲ್ಲವೇ ಇಲ್ಲ. ಗಂಟೆಗೊಮ್ಮೆ ನಿಂತು ಗಾಳಿ, ಬ್ರೇಕು, ಗಂಟಿನ ಬಿಗಿ ಮುಟ್ಟಿ ನೋಡುವುದು.

ಇನ್ನೊಂದು ಎಚ್ಚರ. ಆ ಕಾಲದಲ್ಲಿ ನಮ್ಮ ಹಳ್ಳಿಗಳ ಕಡೆ ರಾಗಿ, ಹುರುಳಿಯನ್ನು ರಸ್ತೆಯ ಮೇಲೆ ಒಕ್ಕಣೆಗೆ ಹರಡಿರುತ್ತಾರೆ. ಹುಲ್ಲು ಚೈನಿಗೆ, ಕಡ್ಡಿಗೆ ಸುತ್ತಿಕೊಂಡರೆ ಹೊರೆ ಸಮೇತ ಬೀಳುವುದೇ. ಅಲ್ಲಿ ಇಳಿದು ತಳ್ಳಿ. ಕಬ್ಬಿನ ಟ್ರ್ಯಾಕ್ಟರ್ ಬಂದರೆ ರಸ್ತೆ ಬಿಟ್ಟು ನಿಂತುಬಿಡಿ. ಅದರ ಹೊರೆ ನಮ್ಮದಕ್ಕಿಂತ ದೊಡ್ಡದು!

ಈ ಭಾನುವಾರದ ಕೆಲಸ

ಪ್ರವಾಸ ಯಾವಾಗ ಬೇಕಾದರೂ ಆಗಲಿ, ಅದರ ಮೊದಲ ಕೆಲಸ ಈ ಭಾನುವಾರವೇ ಆಗಬಹುದು. ತಾತ ಅಥವಾ ಅಜ್ಜಿಯ ಜೊತೆ ಸೈಕಲ್ಲಿನ ಮುಂದೆ ಕೂತು, ಒಂದು ಹಾಳೆಯಲ್ಲಿ ಇವಕ್ಕೆ ಉತ್ತರ ಬರೆಯಿರಿ:

1. ಮುಂದಿನ, ಹಿಂದಿನ ಚಕ್ರಗಳಿಗೆ ಎಷ್ಟೆಷ್ಟು ಕಡ್ಡಿ? ಸಡಿಲ ಎಷ್ಟು?
2. ನಿಮ್ಮ ಸೈಕಲ್ಲಿನ ಚೈನಿನ 24 ಕೊಂಡಿ ಎಷ್ಟು ಉದ್ದ?
3. ಪೆಡಲ್ ಒಂದು ಸುತ್ತಿಗೆ ಸೈಕಲ್ ಎಷ್ಟು ಮೀಟರ್ ಹೋಗುತ್ತದೆ? ಸೀಮೆಸುಣ್ಣದಲ್ಲಿ ಗುರುತು ಹಾಕಿ ಟೇಪಿನಿಂದ ಅಳೆಯಿರಿ.
4. ಶಾಲೆಯ ಬ್ಯಾಗಿನ ತೂಕ ಎಷ್ಟು? ಅದರಲ್ಲಿ ನಾಳೆ ಬೇಡದ್ದು ಏನೇನು?
5. ತಾತ, ಅಜ್ಜಿಗೆ ಸೈಕಲ್ ಕಲಿಸಿದವರು ಯಾರು? ಅವರು ಸೈಕಲ್ಲಿನಲ್ಲಿ ಹೋದ ಅತಿ ದೂರದ ಊರು ಯಾವುದು?

ಐದನೆಯ ಪ್ರಶ್ನೆಗೆ ಹಾಳೆ ಸಾಲದೆ ಹೋದರೆ ಇನ್ನೊಂದು ತೆಗೆದುಕೊಳ್ಳಿ.